ಬೆಲ್ಜಿಯಂನಿಂದ ಅಪರೂಪದ ಬಿಯರ್ ತಂದು ಬೆಂಗಳೂರಲ್ಲಿ ಕೂಡಿಟ್ಟರೆ ಮುಂದೆ ಒಳ್ಳೆ ಬೆಲೆ ಬರುತ್ತಾ?

ಬ್ರಸೆಲ್ಸ್‌ನಲ್ಲಿ ಎರಡು ವರ್ಷದ ಕೆಲಸ ಮುಗಿಸಿ ವಾಪಸ್ ಬರ್ತಿದ್ದೀರಿ, ಬಿಯರ್ ತಂದು ಕೂಡಿಡಬೇಕು, ಬದಲಾಯಿಸಿಕೊಳ್ಳಬೇಕು, ಆಮೇಲೆ ಮಾರಬೇಕು ಅಂತ ಬರೆದಿದ್ದೀರಿ. ನಾನು ಮಾಡಿದ್ದೂ ಅದನ್ನೇ. ನಾಲ್ಕು ಸಲ ಊರಿಗೆ ಬಂದಾಗ, ಸಲಕ್ಕೆ ಐದರಂತೆ ಇಪ್ಪತ್ತು ಬಾಟಲಿ ತಂದೆ. ಎಂಟು ಗೂಜ್ ಅನ್ನೋ ಹುಳಿ ಬಿಯರ್, ಹನ್ನೆರಡು ಕಡುಬಣ್ಣದ ಟ್ರಾಪಿಸ್ಟ್, ಅಂದರೆ ಸನ್ಯಾಸಿಗಳ ಮಠದಲ್ಲಿ ತಯಾರಾಗುವ ಬಿಯರ್. ನಮ್ಮ ಮನೆ ಇರುವುದು ಮೇಲಿನ ಮಹಡಿಯಲ್ಲಿ, ತಾರಸಿಯ ಕೆಳಗೇ. ಎಲ್ಲವನ್ನೂ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಮಲಗುವ ಕೋಣೆಯ ಸಜ್ಜಾ ಮೇಲೆ ಇಟ್ಟೆ. ಕತ್ತಲಿದೆ, ಯಾರೂ ಮುಟ್ಟಲ್ಲ ಅನ್ನೋ ಲೆಕ್ಕ. ಒಂದು ಏಪ್ರಿಲ್, ಒಂದು ಮೇ ಕಳೆಯಿತು. ಇಪ್ಪತ್ತೂ ಹಾಳಾದವು.

ಈ ಸಜ್ಜಾ ವಿಷಯವನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲ ನಷ್ಟಕ್ಕೂ ಮೂಲ ಅದೇ. ಆರ್‌ಸಿಸಿ ತಾರಸಿ ಹಗಲೆಲ್ಲ ಬಿಸಿಲು ಕುಡಿದು, ಕತ್ತಲಾದ ಮೇಲೆ ಆ ಕಾವನ್ನು ಕೆಳಗೆ ಬಿಡುತ್ತದೆ. ಸಜ್ಜಾಕ್ಕೂ ತಾರಸಿಗೂ ನಡುವೆ ಎರಡೂವರೆ ಅಡಿ ಜಾಗ, ಗಾಳಿ ಆಡುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ಅದೇ ಮೂಲೆಗೆ ಗರಿಷ್ಠ-ಕನಿಷ್ಠ ತೋರಿಸುವ ಥರ್ಮಾಮೀಟರ್ ಇಟ್ಟು ನೋಡಿದೆ. ಮಧ್ಯಾಹ್ನ 38 ಡಿಗ್ರಿ, ರಾತ್ರಿ ಊಟದ ಹೊತ್ತಿಗೂ 33. ಬೆಂಗಳೂರು ತಂಪು ಊರು ಅನ್ನೋ ನಂಬಿಕೆಯೇ ಇಲ್ಲಿ ಮುಳುವಾಗೋದು.

ಬಿಯರ್ ತಯಾರಿಸುವವರಲ್ಲಿ 3-30-300 ಅನ್ನೋ ಲೆಕ್ಕವಿದೆ. 32 ಡಿಗ್ರಿಯಲ್ಲಿ 3 ದಿನ, 22ರಲ್ಲಿ 30 ದಿನ, 3ರಲ್ಲಿ 300 ದಿನ, ಮೂರರಲ್ಲೂ ಬಿಯರ್ ಹೆಚ್ಚುಕಡಿಮೆ ಒಂದೇ ಅಳತೆಗೆ ಹಳಸುತ್ತದೆ. ನನ್ನ 60 ದಿನವನ್ನು ಇದಕ್ಕೆ ಹಚ್ಚಿ ನೋಡಿ. 3 ದಿನದ ಇಪ್ಪತ್ತು ಪಟ್ಟು, ಅಂದರೆ ಫ್ರಿಜ್‌ನ 6000 ದಿನ, 16 ವರ್ಷಕ್ಕೂ ಮೇಲೆ. ಇದು ಒರಟು ಲೆಕ್ಕ, ಆದರೆ ದಿಕ್ಕು ಸರಿಯಾಗಿದೆ.

ಹಾಗಾದರೆ ಬೇಗ ಹದಕ್ಕೆ ಬಂತಲ್ಲ, ಒಳ್ಳೆಯದೇ ಅಂತ ಅನ್ನಿಸಬಹುದು. ಅಲ್ಲ. ಬಾಳೆಗೊನೆಯನ್ನು ಹಣ್ಣಿಗೆ ಹಾಕೋದು ಬೇರೆ, ಬೇಯಿಸೋದು ಬೇರೆ. 13 ಡಿಗ್ರಿಯಲ್ಲಿ ನಿಧಾನಕ್ಕೆ ಹಳೆಯದಾದ ರೋಶ್‌ಫೋರ್ 10 ಅನ್ನೋ ಟ್ರಾಪಿಸ್ಟ್ ಬಿಯರಿನಲ್ಲಿ ಖರ್ಜೂರ, ಒಣದ್ರಾಕ್ಷಿ, ಜೋನಿಬೆಲ್ಲದ ರುಚಿ ಬರುತ್ತದೆ. ಕಾವಿಗೆ ಸಿಕ್ಕಿದ್ದರಲ್ಲಿ ಮೊದಲು ಬರುವುದು ಒದ್ದೆ ರಟ್ಟಿನ ವಾಸನೆ. ಆಮೇಲೆ ತಳದಲ್ಲಿರುವ ಯೀಸ್ಟ್ ಸತ್ತು, ಕೋಶ ಒಡೆದು, ಸೋಯಾ ಸಾಸ್ ರುಚಿ ಇಳಿಯುತ್ತದೆ. ಬಂದ ಮೇಲೆ ಅದು ಹೋಗುವುದಿಲ್ಲ. ಗೂಜ್‌ನ ಕಥೆ ಇನ್ನೂ ಕಷ್ಟ. ಅದು ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು (ಗಾಳಿಯಲ್ಲಿನ ಯೀಸ್ಟ್‌ನಿಂದಲೇ ಹುದುಗುವ ಹುಳಿ ಬಿಯರ್) ಬೆರೆಸಿ ಬಾಟಲಿಯಲ್ಲೇ ಮತ್ತೆ ಹುದುಗಿಸಿದ ಬಿಯರ್, ಒಳಗೆ ಷಾಂಪೇನ್‌ನಂತೆ ಒತ್ತಡ ಇರುತ್ತದೆ. 13 ಡಿಗ್ರಿಯಿಂದ 38ಕ್ಕೆ ಏರಿದರೆ ಆ ಒತ್ತಡ ಸುಮಾರು ಎರಡು ಪಟ್ಟು. ಬೂಚಿನ ಪಕ್ಕದಿಂದ ಅನಿಲ ಜಿನುಗುತ್ತದೆ, ಬಿಯರಿನ ಮಟ್ಟ ಇಳಿಯುತ್ತದೆ, ಕತ್ತಿನ ಸುತ್ತ ಅಂಟು ಗೆರೆ ಮೂಡುತ್ತದೆ. ಆ ಗೆರೆ ಕಂಡ ಬಾಟಲಿಯನ್ನು ಯಾರಿಂದಲೂ ತೆಗೆದುಕೊಳ್ಳಬೇಡಿ.

ಲ್ಯಾಂಬಿಕ್ ತಯಾರಿಸುವವರಿಗೇ ಈ ಏಟು ಬಿದ್ದಿದೆ. 2009ರಲ್ಲಿ ಬೆಲ್ಜಿಯಂನ ಗೂಜ್ ತಯಾರಕರಾದ ಡ್ರೀ ಫೊಂಟೇನನ್‌ನಲ್ಲಿ ಥರ್ಮೋಸ್ಟಾಟ್ ಕೆಟ್ಟು, ಬಾಟಲಿ ಇಟ್ಟ ಕೋಣೆ ಕಾದು, ಸಾವಿರಾರು ಬಾಟಲಿ ಹಾಳಾದವು. ಅದನ್ನು ನಡೆಸುತ್ತಿದ್ದ ಅರ್ಮಾಂಡ್ ಡೆಬೆಲ್ಡರ್ ಆ ಬಿಯರನ್ನು ಬಟ್ಟಿ ಇಳಿಸಿ ಮದ್ಯಸಾರ ಮಾಡಿ ಮಾರಿದರು. ನಮ್ಮ ಮನೆಯಲ್ಲಿ ಅದಕ್ಕೆ ದಾರಿಯಿಲ್ಲ.

ನನಗೆ ಆಮೇಲೂ ಒಂದು ಏಟು ಬಿತ್ತು. ಹಾಳಾಗಿದೆ ಅಂತ ಗೊತ್ತಾಗುವ ಮುಂಚೆ, ನನ್ನಂತೆ ಬಿಯರ್ ಕೂಡಿಡುವ ಒಬ್ಬರಿಗೆ ಒಂದು ಗೂಜ್ ಕೊಟ್ಟು, ಬೇರೆ ಬೇರೆ ವರ್ಷದ ಮೂರು ಓರ್ವಾಲ್ (ಇನ್ನೊಂದು ಟ್ರಾಪಿಸ್ಟ್ ಬಿಯರ್) ಪಡೆದಿದ್ದೆ. ಎಲ್ಲಿಟ್ಟಿದ್ರಿ ಅಂತ ಅವರು ಕೇಳಿದಾಗ 'ಕತ್ತಲಲ್ಲಿ' ಅಂದೆ. ಎಷ್ಟು ಡಿಗ್ರಿಯಲ್ಲಿ ಅಂತ ಹೇಳಲಿಲ್ಲ. ಅವರು ಆರು ಜನರ ಮುಂದೆ ತೆರೆದರು. ಬೂಚು ಸದ್ದಿಲ್ಲದೆ ಬಂತು, ಲೋಟದಲ್ಲಿ ನೊರೆ ಏಳಲಿಲ್ಲ, ಉಗುರುಬಣ್ಣ ಅಳಿಸುವ ದ್ರವದ ವಾಸನೆ ಹೊಡೆಯಿತು. ಓರ್ವಾಲ್‌ಗಳನ್ನು ವಾಪಸ್ ಕೊಟ್ಟೆ. ಒಂದು ವರ್ಷ ನನ್ನ ಹತ್ತಿರ ಯಾರೂ ಬಾಟಲಿ ಬದಲಾಯಿಸಿಕೊಳ್ಳಲಿಲ್ಲ, ಅದು ನ್ಯಾಯವೇ.

ಇನ್ನು ಬೆಲೆಯ ಮಾತು. ಮಾರುವ ಯೋಚನೆಯನ್ನು ಬಿಟ್ಟುಬಿಡಿ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮದ್ಯ ಮಾರುವುದು ಅಪರಾಧ, ಬಾಟಲಿ ಎಷ್ಟೇ ಅಪರೂಪದ್ದಾಗಿರಲಿ. ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಮಿತಿ ಇದೆ, ಈಗಿನ ಲೆಕ್ಕ ಅಬಕಾರಿ ಇಲಾಖೆಯಲ್ಲಿ ಕೇಳಿಕೊಳ್ಳಿ. ಬೆಲ್ಜಿಯಂನ ವೆಸ್ಟ್‌ವ್ಲೆಟೆರೆನ್ ಮಠದ ಸನ್ಯಾಸಿಗಳಂತೂ ತಮ್ಮ ಬಿಯರನ್ನು ಮರುಮಾರಾಟ ಮಾಡಬೇಡಿ ಅಂತಲೇ ಕೊಳ್ಳುವವರಿಗೆ ಹೇಳುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ಬಿಯರೇ. ಬಹುಪಾಲು ಬಿಯರ್ ಕೂಡಿಡುವ ವಸ್ತುವಲ್ಲ. ಐಪಿಎ (ಹಾಪ್ಸ್ ಹೆಚ್ಚು ಹಾಕಿದ ಬಿಯರ್) ತಂದು ವರ್ಷ ಇಟ್ಟರೆ, ಬಿಯರಿಗೆ ಕಹಿ ಮತ್ತು ಘಮ ಕೊಡುವ ಆ ಹಾಪ್ಸ್ ಹೂವಿನ ಪರಿಮಳವೆಲ್ಲ ಹೋಗಿ ಬರೀ ಸಿಹಿ ಮಾಲ್ಟ್ ಉಳಿಯುತ್ತದೆ. ಇಡಲು ತಕ್ಕದ್ದು ಎರಡೇ ಜಾತಿ. ಒಂದು, ಆಲ್ಕೊಹಾಲ್ ಶೇ 8ಕ್ಕಿಂತ ಹೆಚ್ಚಿರುವ, ಬಾಟಲಿಯಲ್ಲೇ ಯೀಸ್ಟ್ ಇರುವ ಕಡುಬಣ್ಣದವು: ಶಿಮೇ ನೀಲಿ (ಶೇ 9), ವೆಸ್ಟ್‌ವ್ಲೆಟೆರೆನ್ 12 (ಶೇ 10.2), ರೋಶ್‌ಫೋರ್ 10 (ಶೇ 11.3). ಇನ್ನೊಂದು ಗೂಜ್‌ನಂಥ ಹುಳಿ ಬಿಯರ್. ಓರ್ವಾಲ್ ಶೇ 6.2 ಮಾತ್ರ, ಆದರೂ ಅದರೊಳಗಿನ ಬ್ರೆಟನೊಮೈಸಿಸ್ ಯೀಸ್ಟ್ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಹೊಸದರಲ್ಲಿ ಕಹಿ ಮುಂದೆ ಇರುತ್ತದೆ, ಹೋಗ್ತಾ ಹೋಗ್ತಾ ಒಣಗಿ ಮಣ್ಣಿನ ಘಮ ಬರುತ್ತದೆ. ಕಡಿಮೆ ದುಡ್ಡಲ್ಲಿ ಕಲಿಯಲು ಅದಕ್ಕಿಂತ ಒಳ್ಳೆ ಬಾಟಲಿ ಇಲ್ಲ.

ತರುವಾಗ ಸುಂಕವಿಲ್ಲದೆ ಒಬ್ಬರಿಗೆ ಎರಡು ಲೀಟರ್. 75 ಸೆಂಟಿಲೀಟರ್‌ನವು ಮೂರು ಹಾಕಿದರೆ 2.25, ಮಿತಿ ದಾಟಿತು. 33ರವು ಆರು ಹಾಕಿದರೆ 1.98. ಗೂಜ್ ಬೇಕಿದ್ದರೆ 37.5ರ ಅರ್ಧ ಬಾಟಲಿ ಕೊಳ್ಳಿ, ಐದು ಸೇರಿದರೆ 1.875. ಮುಚ್ಚಳದ ಸುತ್ತ ಎಲೆಕ್ಟ್ರಿಕಲ್ ಟೇಪ್ ಸುತ್ತಿ, ಜಿಪ್ ಕವರಿಗೆ ಹಾಕಿ, ದಪ್ಪ ಕಾಲುಚೀಲ ತೊಡಿಸಿ, ಚೆಕ್-ಇನ್ ಪೆಟ್ಟಿಗೆಯ ನಟ್ಟನಡುವೆ ಇಡಿ. ಬಾಟಲಿಗೆ ಬಾಟಲಿ ತಾಗಬಾರದು. ಪೆಟ್ಟಿಗೆಯ ಗೋಡೆಯಿಂದ ನಾಲ್ಕು ಬೆರಳು ದೂರ ಇರಬೇಕು.

ಬಾಟಲಿಗಿಂತ ಮೊದಲು ವೈನ್ ಫ್ರಿಜ್ ಕೊಳ್ಳಿ. ಕಂಪ್ರೆಸರ್ ಇರುವುದೇ ಬೇಕು. ಅಗ್ಗದ ಥರ್ಮೋಎಲೆಕ್ಟ್ರಿಕ್ ಫ್ರಿಜ್ ಹೊರಗಿನ ಕಾವಿಗಿಂತ ಇಂತಿಷ್ಟೇ ಡಿಗ್ರಿ ಅಂತ ಇಳಿಸುತ್ತದೆ, ಹೊರಗೆ 36 ಇದ್ದರೆ ಅದು ಸೋಲುತ್ತದೆ. 12ರಿಂದ 13 ಡಿಗ್ರಿಗೆ ಇಡಿ. ಗೂಜ್ ಬಾಟಲಿ ದಪ್ಪ, ವೈನ್‌ಗೆಂದು ಮಾಡಿದ ಅಟ್ಟಣಿಗೆಗಳ ನಡುವೆ ಹೊಗುವುದಿಲ್ಲ. ಒಂದು ಬಿಟ್ಟು ಒಂದು ತೆಗೆದುಹಾಕಿ. ಬೂಚಿನ ಗೂಜ್ ಮಲಗಿಸಿಡಿ, ಲೋಹದ ಮುಚ್ಚಳದವು ನಿಂತಿರಲಿ. ಗಾಜಿನ ಬಾಗಿಲಿದ್ದರೆ ಒಳಗಿನಿಂದ ಕಪ್ಪು ಕಾಗದ ಅಂಟಿಸಿ. ಹಸಿರು ಬಾಟಲಿ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ, ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ಹಳಸಲು ನಾತ ಬರುತ್ತದೆ.

ಬದಲಾಯಿಸಿಕೊಳ್ಳುವುದು ಎದುರುಬದುರು ಕೂತು ಮಾತ್ರ, ಹಣದ ಮಾತೇ ಬೇಡ. ಕೊಂಡ ಬೆಲೆಗೆ ಕೊಂಡ ಬೆಲೆ ಅಂತ ತೂಗಿ. ಕೊಡುವ ಮೊದಲು ಬಾಟಲಿಯ ಹಿಂದೆ ಟಾರ್ಚ್ ಹಿಡಿದು ಬಿಯರಿನ ಮಟ್ಟದ ಫೋಟೊ, ತಾರೀಖಿನ ಫೋಟೊ ತೆಗೆದು ಕಳಿಸಿ, ಯಾವ ತಿಂಗಳು ಎಷ್ಟು ಡಿಗ್ರಿಯಲ್ಲಿ ಇತ್ತು ಅಂತ ಬರೆಯಿರಿ. ಈಗ ನನ್ನ ಫ್ರಿಜ್ ಬಾಗಿಲಿಗೆ ಒಂದು ನೋಟ್‌ಬುಕ್ ಕಟ್ಟಿದ್ದೇನೆ. ಕರೆಂಟ್ ಹೋದ ದಿನ, ಎಷ್ಟು ಗಂಟೆ, ಒಳಗೆ ಎಷ್ಟಕ್ಕೆ ಏರಿತು, ಎಲ್ಲ ಅದರಲ್ಲಿ ಇದೆ. ಬಾಟಲಿ ಕೊಡುವಾಗ ಆ ಪುಟದ ಫೋಟೊ ಸಹ ಕೊಡುತ್ತೇನೆ.

ನೀವು ಹೊರಡುವ ವಾರ ಆರೇ ಬಾಟಲಿ ಹಾಕಿಕೊಳ್ಳಿ: ಮೂರು ಓರ್ವಾಲ್, ಮೂರು ರೋಶ್‌ಫೋರ್ 10. ಬಂದ ವಾರವೇ ಒಂದೊಂದು ಕುಡಿದು ರುಚಿ ಬರೆದಿಡಿ, ಒಂದೊಂದು ವರ್ಷಕ್ಕೆ, ಉಳಿದ ಎರಡು ಮೂರನೇ ವರ್ಷಕ್ಕೆ. ತೆರೆಯುವ ಎರಡು ದಿನ ಮೊದಲಿಂದ ಬಾಟಲಿ ಅಲ್ಲಾಡಿಸಬೇಡಿ, ಗಸಿ ತಳಕ್ಕೆ ಕೂರಬೇಕು. ಬಗ್ಗಿಸುವಾಗ ಕೊನೆಯ ಒಂದು ಬೆರಳಷ್ಟು ಬಾಟಲಿಯಲ್ಲೇ ಬಿಡಿ.