‘ರಾಜ್ಯಶಾಸ್ತ್ರ ಓದಿ ಎಮ್ಮೆಲ್ಲೆ ಆಗ್ತಿ ಏನು?’

ಪ್ರಶ್ನೆ: ಮೇಡಂ, ಈ ಸಲ ಎಸ್ಸೆಸ್ಸೆಲ್ಸಿ ಪಾಸಾದೆ. ಸಮಾಜ ವಿಜ್ಞಾನದಲ್ಲೇ ಜಾಸ್ತಿ ಅಂಕ ಬಂದಿವೆ. ಪಿಯುಸಿಯಲ್ಲಿ ಆರ್ಟ್ಸ್ ತಗೊಂಡು ರಾಜ್ಯಶಾಸ್ತ್ರ ಓದುವ ಆಸೆ. ಅಪ್ಪ ‘ಅದು ಓದಿ ಎಮ್ಮೆಲ್ಲೆ ಆಗ್ತಿ ಏನು? ಸೈನ್ಸ್ ತಗೋ’ ಅಂತಾರೆ. ಗೆಳತಿಯರು ಅದು ಬರೀ ಬಾಯಿಪಾಠ ಅಂತಾರೆ. ಏನು ಮಾಡಲಿ?
– ವಿದ್ಯಾರ್ಥಿನಿ, ಶಹಾಪುರ ತಾಲೂಕು, ಯಾದಗಿರಿ ಜಿಲ್ಲೆ

ಉತ್ತರ: ತಂಗಿ, ನಿಮ್ಮಪ್ಪನ ಮಾತು ಓದಿ ನಗು ಬಂತು. ನಾನು ಈ ವಿಷಯ ತಗೊಂಡಾಗ ನಮ್ಮ ಮನೆಯಲ್ಲೂ ಇದನ್ನೇ ಕೇಳಿದ್ದರು. ಎಮ್ಮೆಲ್ಲೆ ಆಗೋಕೆ ಯಾವ ಡಿಗ್ರಿಯೂ ಬೇಡ, 25 ವರ್ಷ ತುಂಬಿರಬೇಕು ಅಷ್ಟೆ. ಇದನ್ನೂ ರಾಜ್ಯಶಾಸ್ತ್ರದಲ್ಲೇ ಕಲಿಸುತ್ತೇವೆ ಅಂತ ಅವರಿಗೆ ಹೇಳು.

ಬಾಯಿಪಾಠದ ವಿಚಾರಕ್ಕೆ ಬರೋಣ. ಕಾಲೇಜು ಅಡ್ಮಿಷನ್‌ಗೆ ಬರುವ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಮಕ್ಕಳ ಪ್ಲಾಸ್ಟಿಕ್ ಕವರಿನಲ್ಲಿ 371 ಜೆ ಸರ್ಟಿಫಿಕೇಟ್ ಇರುತ್ತದೆ. ಸಂವಿಧಾನದ 371 ಜೆ ವಿಧಿಯಲ್ಲಿ ನಮ್ಮ ಭಾಗದವರಿಗೆ ಸಿಗುವ ಮೀಸಲಾತಿಗೆ ಬೇಕಾದ ಕಾಗದ ಅದು. ಒಮ್ಮೆ ಕ್ಲಾಸಿನಲ್ಲಿ ‘ಈ ಜೆ ಅಂದರೇನು?’ ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗ ‘ಜಿಲ್ಲೆ, ಮೇಡಂ’ ಅಂದ. ಎಲ್ಲರೂ ನಕ್ಕರು. ಆದರೆ ಸರಿ ಉತ್ತರ ಯಾರಿಗೂ ಗೊತ್ತಿರಲಿಲ್ಲ.

ಅದು ಬರೀ ಸರದಿಯ ಅಕ್ಷರ. 371 ಎ ನಾಗಾಲ್ಯಾಂಡ್‌ಗೆ, ಬಿ ಅಸ್ಸಾಂಗೆ, ಸಿ ಮಣಿಪುರಕ್ಕೆ. ಹೀಗೆ ಒಂದೊಂದೇ ಸೇರುತ್ತಾ ನಮ್ಮ ಪಾಳಿ ಬಂದಾಗ ‘ಜೆ’ ಆಗಿತ್ತು. ಕತೆ ಶುರುವಾಗೋದು ಇಲ್ಲಿಂದ. ನಿಜಾಮನ ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಸೇರಿತು. 1956ರಲ್ಲಿ ಅದು ಮೂರು ಪಾಲಾಯಿತು. ಮರಾಠವಾಡ ಮುಂಬೈ ರಾಜ್ಯಕ್ಕೆ, ತೆಲಂಗಾಣ ಆಂಧ್ರಕ್ಕೆ ಹೋದವು. ಬೀದರ್, ಗುಲ್ಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ನಿಮ್ಮ ಯಾದಗಿರಿ ಆಗ ಗುಲ್ಬರ್ಗಾ ಜಿಲ್ಲೆಯ ತಾಲೂಕು. ಮರಾಠವಾಡಕ್ಕೆ 1956ರ ತಿದ್ದುಪಡಿಯಲ್ಲೇ 371ನೇ ವಿಧಿಯಲ್ಲಿ ಜಾಗ ಸಿಕ್ಕಿತು. ಆಂಧ್ರಕ್ಕೆ 1973ರಲ್ಲಿ 371 ಡಿ ಬಂತು. ನಮಗೆ? 2012ರಲ್ಲಿ, 98ನೇ ತಿದ್ದುಪಡಿಯಲ್ಲಿ. ಒಂದೇ ಮನೆಯ ಮೂರು ಮಕ್ಕಳು, ಒಬ್ಬರಿಗೆ ಮಾತ್ರ ಊಟ ಬಡಿಸೋದು ಇಷ್ಟು ತಡ ಯಾಕಾಯಿತು?

ಯಾಕೆ ಅಂತ ಹುಡುಕುತ್ತಾ ಹೋಗೋದೇ ರಾಜ್ಯಶಾಸ್ತ್ರ. ಇನ್ನೊಂದು ತಮಾಷೆ ನೋಡು: ಬಳ್ಳಾರಿ ನಿಜಾಮನ ಕೈಯಲ್ಲಿರಲಿಲ್ಲ, ಮದ್ರಾಸ್ ಪ್ರಾಂತ್ಯದಿಂದ ಬಂದ ಜಿಲ್ಲೆ. ಆದರೂ ಈ ಸೌಲಭ್ಯದೊಳಗಿದೆ. ಯಾರು ಸೇರಿಸಿದರು, ಯಾವ ಲೆಕ್ಕದಲ್ಲಿ? ಇಂಥ ಪ್ರಶ್ನೆ ನಿನ್ನ ತಲೆ ಕೊರೆದರೆ ಕಣ್ಣುಮುಚ್ಚಿ ತಗೋ. ‘ಅದನ್ನ ಕಟ್ಟಿಕೊಂಡು ನನಗೇನಾಗಬೇಕು’ ಅನ್ನಿಸಿದರೆ ಮಾತ್ರ ಬೇಡ. ಆಗ ಅದು ನಿಜಕ್ಕೂ ಬಾಯಿಪಾಠವೇ ಆಗುತ್ತದೆ.

ಮೊದಲ ವರ್ಷ ರಾಜ್ಯ, ಕಾನೂನು, ಸ್ವಾತಂತ್ರ್ಯ, ಸಂವಿಧಾನ, ಶಾಸಕಾಂಗ, ಸ್ಥಳೀಯ ಸರ್ಕಾರ. ಎರಡನೇ ವರ್ಷ ಚುನಾವಣೆ, ಪಕ್ಷಗಳು, ಚಳವಳಿಗಳು, ವಿದೇಶಾಂಗ ನೀತಿ. ಪರೀಕ್ಷೆ 80 ಅಂಕಕ್ಕೆ, ಉಳಿದ 20 ಕಾಲೇಜಿನವರೇ ಕೊಡುವ ಆಂತರಿಕ ಅಂಕ. ಕನ್ನಡದಲ್ಲೇ ಬರೆಯಬಹುದು. ಮಕ್ಕಳು ಅಂಕ ಕಳೆದುಕೊಳ್ಳೋದು ದೊಡ್ಡ ಪ್ರಶ್ನೆಗಳಲ್ಲಿ. ಪಾಯಿಂಟ್ ಬರೆದು ಉದಾಹರಣೆ ಬಿಟ್ಟುಬಿಡುತ್ತಾರೆ. ಗ್ರಾಮಸಭೆ ಬಗ್ಗೆ ಬರೆಯುವವರು ನಿಮ್ಮೂರ ಗ್ರಾಮಸಭೆಗೆ ಒಮ್ಮೆ ಹೋಗಿ ಕೂತಿದ್ದರೆ ಸಾಕು, ಉತ್ತರದ ಬಣ್ಣವೇ ಬದಲಾಗುತ್ತದೆ.

ಅಪ್ಪನ ಚಿಂತೆ ಸುಳ್ಳಲ್ಲ. ಆರ್ಟ್ಸ್ ತಗೊಂಡರೆ ಡಾಕ್ಟರ್, ಎಂಜಿನಿಯರ್ ದಾರಿ ಮುಚ್ಚಿದಂತೆ. ಅದನ್ನು ಮುಚ್ಚಿಟ್ಟು ಒಪ್ಪಿಸಬೇಡ. ತೆರೆದಿರುವ ದಾರಿಗಳನ್ನೂ ಹೇಳು. ಪಿಯುಸಿ ಆದಮೇಲೆ ಐದು ವರ್ಷದ ಕಾನೂನು ಪದವಿ ಇದೆ. ಬಿಎ, ಬಿಎಡ್ ಮಾಡಿ ಟೀಚರ್ ಆಗಬಹುದು. ಎಂಎ ಓದೋಕೆ ಗುಲ್ಬರ್ಗಾ ವಿಶ್ವವಿದ್ಯಾಲಯ ಇದೆ, ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಐಎಎಸ್ ಮುಖ್ಯ ಪರೀಕ್ಷೆಯಲ್ಲಿ ಇದನ್ನೇ ಐಚ್ಛಿಕವಾಗಿ ತಗೊಂಡರೆ 500 ಅಂಕ. ಆ 371 ಜೆ ಕಾಗದ ಇದೆಯಲ್ವಾ, ಅದರಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ನಮ್ಮವರಿಗೆ ಮೀಸಲು.

ಅರ್ಜಿ ಹಾಕುವ ಮುಂಚೆ ಒಂದು ಕೆಲಸ ಮಾಡು. ಕಾಲೇಜಿಗೆ ಹೋಗಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಕಾಂಬಿನೇಷನ್ ಇದೆಯಾ, ರಾಜ್ಯಶಾಸ್ತ್ರಕ್ಕೆ ಕಾಯಂ ಉಪನ್ಯಾಸಕರು ಇದ್ದಾರಾ ಅಂತ ಕೇಳು. ಅತಿಥಿ ಉಪನ್ಯಾಸಕರನ್ನೇ ನಂಬಿದ ಕಡೆ ಒಮ್ಮೊಮ್ಮೆ ದಸರಾ ಹತ್ತಿರ ಬಂದರೂ ಪಾಠ ಶುರುವಾಗಿರುವುದಿಲ್ಲ. ಆಫೀಸಿನಲ್ಲಿ ಕೇಳಬೇಡ, ಎರಡನೇ ವರ್ಷದ ಹುಡುಗಿಯರನ್ನು ಕೇಳು. ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗು.