ಕಾಡು ಉಳಿದರೆ ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್ ಉಳಿಯುತ್ತವೆಯೇ?

ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್‌ಗಳು ಕಡಿಮೆಯಾಗುತ್ತಿರುವುದು ಮನುಷ್ಯರಿಂದಲೋ ಹವಾಮಾನದಿಂದಲೋ, ಕಾಡು ಕಡಿಯುವುದನ್ನು ನಿಲ್ಲಿಸಿದರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಜೊತೆಗೆ, ದಟ್ಟ ಕಾಡಿನಲ್ಲಿ ಇವನ್ನು ಎಣಿಸುವುದಾದರೂ ಹೇಗೆ ಎಂದೂ ಕೇಳಿದ್ದೀರಿ. ನಾನು ಆ ಕಾಡುಗಳಲ್ಲಿ ಓಡಾಡಿದವನಲ್ಲ. ಜೀವಶಾಸ್ತ್ರ ಪಾಠ ಮಾಡುತ್ತೇನೆ, ಇಂಥ ಸಮೀಕ್ಷೆಗಳನ್ನು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಆ ಓದಿನಿಂದ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಎರಡು ಜಾಗ ನೋಡಿ. ಗಬಾನ್ ದೇಶದ ಈಶಾನ್ಯದಲ್ಲಿರುವ ಮಿಂಕೆಬೆ ಅತಿ ದೊಡ್ಡ ಕಾಡು, ಜನವಸತಿ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ 1990ರ ದಶಕದಲ್ಲಿ ಎಬೋಲಾ ಬಂದುಹೋದ ಮೇಲೆ ಗೊರಿಲ್ಲಾ, ಚಿಂಪಾಂಜಿ ಹೆಚ್ಚುಕಡಿಮೆ ಕಣ್ಮರೆಯಾದವು. ಕಾಡು ಮಾತ್ರ ಹಾಗೆಯೇ ನಿಂತಿತ್ತು. ಇನ್ನೊಂದು, ರುವಾಂಡಾ, ಉಗಾಂಡಾ, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯಗಳ ಗಡಿಗಳು ಕೂಡುವ ವಿರುಂಗಾ ಬೆಟ್ಟಸಾಲು. ಕಾಡಿನ ಅಂಚಿನವರೆಗೂ ಹೊಲ, ಚದರ ಕಿಲೋಮೀಟರಿಗೆ ನೂರಾರು ಜನ, ಸಾಲದ್ದಕ್ಕೆ ಯುದ್ಧಗಳು. ಅಲ್ಲಿ 1981ರ ಎಣಿಕೆಯಲ್ಲಿ 254 ಇದ್ದ ಬೆಟ್ಟದ ಗೊರಿಲ್ಲಾಗಳು 2015–16ರ ಹೊತ್ತಿಗೆ 604 ಆಗಿದ್ದವು. ಕಾಡಿನ ಹಸಿರು ನೋಡಿ ಪ್ರಾಣಿಗಳ ಲೆಕ್ಕ ಹಾಕುವವರಿಗೆ ಈ ಎರಡು ಜಾಗಗಳೂ ಒಗಟು.

ನನ್ನ ಮಟ್ಟಿಗೆ ಒಗಟಿನ ಬೀಗದ ಕೈ ಇರುವುದು ಈ ಪ್ರಾಣಿಗಳ ಹೆರಿಗೆಯಲ್ಲಿ. ಹೆಣ್ಣು ಒರಾಂಗುಟಾನ್ ಮೊದಲ ಮರಿ ಹಾಕುವುದೇ ಸುಮಾರು 15ನೇ ವಯಸ್ಸಿಗೆ. ಆಮೇಲೆ ಒಂದು ಮರಿಗೂ ಇನ್ನೊಂದಕ್ಕೂ ನಡುವೆ 7–8 ವರ್ಷ. ಚಿಂಪಾಂಜಿಗೆ 5–6 ವರ್ಷ, ಗೊರಿಲ್ಲಾಕ್ಕೆ ಸುಮಾರು 4. ಬರೀ ಅಂದಾಜಿಗೆಂದು ಒಂದು ಕೈಲೆಕ್ಕ ಮಾಡೋಣ. ಒಂದು ಕಾಡಿನಲ್ಲಿ 100 ಪ್ರಾಯದ ಹೆಣ್ಣು ಒರಾಂಗುಟಾನ್‌ಗಳಿವೆ ಎನ್ನಿ. ಎಂಟು ವರ್ಷಕ್ಕೊಂದು ಮರಿಯಾದರೆ ವರ್ಷಕ್ಕೆ ಹನ್ನೆರಡು ಹದಿಮೂರು ಮರಿ, ಅದರಲ್ಲಿ ಹೆಣ್ಣು ಆರು. ಸತ್ತವು ಸತ್ತು ಪ್ರಾಯಕ್ಕೆ ಬರುವುದು ನಾಲ್ಕೈದು. ಅಷ್ಟರಲ್ಲಿ ಮುಪ್ಪು, ಕಾಯಿಲೆ, ಬಿದ್ದು ಪೆಟ್ಟಾಗುವುದು ಎಂದು ಎರಡು ಮೂರು ಹೋಗಿರುತ್ತವೆ. ಕೈಯಲ್ಲಿ ಮಿಗುವುದು ಒಂದೆರಡು. ಯಾರೋ ಬಂದೂಕು ಹಿಡಿದು ವರ್ಷಕ್ಕೆ ಇಂಥ ಮೂರು ಹೆಣ್ಣುಗಳನ್ನು ಹೊಡೆದರೆ ಅಲ್ಲಿಂದ ಇಳಿಮುಖವೇ. ಜಿಂಕೆ, ಹಂದಿಗಳಂತೆ ಒಂದೆರಡು ಒಳ್ಳೆಯ ಮಳೆಗಾಲದಲ್ಲಿ ಇವು ತುಂಬಿಕೊಳ್ಳುವುದಿಲ್ಲ.

ಹಾಗಾಗಿ ಸಾವು ಎಷ್ಟು ಹೆಚ್ಚಾಯಿತು ಎಂಬುದೇ ಮುಖ್ಯ. ಕಾಡು ಎಷ್ಟಿದೆ ಎಂಬುದು ಅದರ ನಂತರ. ನಾನೂ ಬಹಳ ವರ್ಷ ತರಗತಿಯಲ್ಲಿ ‘ತಾಳೆ ಎಣ್ಣೆಗಾಗಿ ಕಾಡು ಕಡಿದರು, ಒರಾಂಗುಟಾನ್ ಹೋಯಿತು’ ಎಂದೇ ಹೇಳುತ್ತಿದ್ದೆ. 2018ರಲ್ಲಿ ಬೋರ್ನಿಯೋ ದ್ವೀಪದ ಲೆಕ್ಕ ಹೊರಬಂತು: 1999ರಿಂದ 2015ರ ನಡುವೆ ಒಂದು ಲಕ್ಷಕ್ಕೂ ಹೆಚ್ಚು ಒರಾಂಗುಟಾನ್‌ಗಳು ಇಲ್ಲವಾಗಿವೆ. ತೋಟವಾಗಿ ಬದಲಾದ ಜಾಗಗಳಲ್ಲಿ ಅವು ನಾಶವಾದ ವೇಗ ಹೆಚ್ಚೇನೋ ನಿಜ. ಆದರೆ ತಲೆ ಎಣಿಸಿದರೆ ಅತಿ ಹೆಚ್ಚು ಹೋಗಿರುವುದು ಇನ್ನೂ ಕಾಡಾಗಿಯೇ ಉಳಿದಿರುವ ಕಡೆ. ಕಾಡು ನಿಂತಿದೆ, ಪ್ರಾಣಿಯನ್ನು ಕೊಂದಿದ್ದಾರೆ. ಮಾಂಸಕ್ಕೆ, ತೋಟಕ್ಕೆ ನುಗ್ಗಿತೆಂಬ ಸಿಟ್ಟಿಗೆ, ಮರಿಯನ್ನು ಮಾರುವುದಕ್ಕೆ. ಮರಿ ಬೇಕಾದರೆ ತಾಯಿಯನ್ನು ಕೊಲ್ಲಲೇಬೇಕು, ಬದುಕಿರುವ ತಾಯಿ ಬಿಟ್ಟುಕೊಡುವುದಿಲ್ಲ.

ಕಾಡು ಕಡಿಯುವುದು ಪರವಾಗಿಲ್ಲ ಎಂದಲ್ಲ ನಾನು ಹೇಳುತ್ತಿರುವುದು. ಕಡಿತಕ್ಕಿಂತ ಅದರ ಜೊತೆ ಬರುವ ರಸ್ತೆ ಹೆಚ್ಚು ಅಪಾಯ. ಮಧ್ಯ ಆಫ್ರಿಕಾದಲ್ಲಿ ಆಯ್ದ ಕೆಲವೇ ಮರ ಕಡಿದ ಕಾಡಿಗೆ ಬೆಳಕು ಬಿದ್ದು ಮೆತ್ತನೆಯ ಗಿಡಗಳು ಚಿಗುರುತ್ತವೆ, ಅವು ಗೊರಿಲ್ಲಾಗಳಿಗೆ ಇಷ್ಟದ ಮೇವು. ಆದರೆ ಮರ ಸಾಗಿಸಲು ಮಾಡಿದ ರಸ್ತೆಯಲ್ಲೇ ಬೇಟೆಗಾರ ಒಳಗೆ ಹೋಗುತ್ತಾನೆ, ಮಾಂಸ ಹೊರಗೆ ಬರುತ್ತದೆ. 2003ರಿಂದ 2013ರವರೆಗಿನ ಸಮೀಕ್ಷೆಗಳನ್ನು ಒಟ್ಟುಹಾಕಿ 2018ರಲ್ಲಿ ಪಶ್ಚಿಮದ ಗೊರಿಲ್ಲಾಗಳ ಅಂದಾಜು ಪ್ರಕಟಿಸಿದರು: ಸುಮಾರು 3,60,000. ನಿರೀಕ್ಷಿಸಿದ್ದಕ್ಕಿಂತ ಹೆಚ್ಚೇ. ಆದರೆ ವರ್ಷಕ್ಕೆ ಶೇ 2.7ರಂತೆ ಇಳಿಯುತ್ತಿತ್ತು. ಅಲ್ಲಿನ ಗೊರಿಲ್ಲಾ, ಚಿಂಪಾಂಜಿಗಳಲ್ಲಿ ಶೇ 80ರಷ್ಟು ಇರುವುದು ಸಂರಕ್ಷಿತ ಪ್ರದೇಶಗಳ ಹೊರಗೆ. ಕಾವಲುಗಾರರಿರುವ ಕಡೆ ಅವು ದಟ್ಟವಾಗಿವೆ.

ಬೇಟೆ ಎಂದರೆ ಬಂದೂಕೇ ಆಗಬೇಕಿಲ್ಲ. ಸಣ್ಣ ಹುಲ್ಲೆ, ಕಾಡುಹಂದಿ ಹಿಡಿಯಲು ನೆಲದ ಮೇಲೆ ತಂತಿಯ ಉರುಳು ಒಡ್ಡಿರುತ್ತಾರೆ. ಚಿಂಪಾಂಜಿಯ ಕೈ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಜೋರಿನ ಪ್ರಾಣಿ, ಎಳೆದು ಗೂಟ ಕಿತ್ತುಕೊಂಡು ಹೋಗುತ್ತದೆ. ಆದರೆ ಎಳೆದಷ್ಟೂ ತಂತಿ ಬಿಗಿಯುತ್ತದೆ, ಬೆರಳಿಗೆ ರಕ್ತ ಹೋಗದೆ ಕೊಳೆಯುತ್ತದೆ. ಉಗಾಂಡಾದ ಬುಡೊಂಗೊ ಕಾಡಿನಲ್ಲಿ ಅಧ್ಯಯನಕ್ಕೆ ಒಳಪಟ್ಟ ಗುಂಪಿನಲ್ಲಿ ಸುಮಾರು ಮೂರರಲ್ಲೊಂದು ಚಿಂಪಾಂಜಿಗೆ ಇಂಥ ಊನವಿತ್ತು. ಹಿಡಿಯಬೇಕೆಂದಿದ್ದುದು ಹಂದಿಯನ್ನು! ಗಿನಿ ದೇಶದ ಬೊಸ್ಸೂನಲ್ಲಿ ಮಾತ್ರ ಕೆಲವು ಚಿಂಪಾಂಜಿಗಳು ಉರುಳಿನ ಕೋಲು ಅಲ್ಲಾಡಿಸಿ, ತಂತಿ ಮುಟ್ಟದೆ ಅದನ್ನು ಕೆಡಿಸುವುದನ್ನು ನೋಡಿದ್ದಾರೆ.

ಅಷ್ಟು ಜಾಣ ಗುಂಪಿಗೂ ನೆಗಡಿ ಬಿಡಲಿಲ್ಲ. 2003ರಲ್ಲಿ ಅದೇ ಬೊಸ್ಸೂನ ಇಪ್ಪತ್ತೂ ತುಂಬದ ಗುಂಪಿನಲ್ಲಿ ಉಸಿರಾಟದ ಕಾಯಿಲೆಗೆ 5 ಚಿಂಪಾಂಜಿಗಳು ಸತ್ತವು. ರೋಗದ ವಿಷಯಕ್ಕೆ ಬಂದರೆ ‘ಮನುಷ್ಯನೋ ಪರಿಸರವೋ’ ಎಂಬ ನಿಮ್ಮ ಗೆರೆ ಅಳಿಸಿಯೇ ಹೋಗುತ್ತದೆ. ಎಬೋಲಾ ಕಾಡಿನದೇ ವೈರಸ್. ಕಾಂಗೋ ಗಣರಾಜ್ಯದ ಲೊಸ್ಸಿಯಲ್ಲಿ 2002–03ರಲ್ಲಿ ಸುಮಾರು 5,000 ಗೊರಿಲ್ಲಾಗಳು ಅದರಿಂದ ಸತ್ತವೆಂದು ಅಂದಾಜು. ಕೋತ್ ದಿವ್ವಾರ್ ದೇಶದ ‘ತಾಯಿ’ (Taï) ಎಂಬ ಹೆಸರಿನ ರಾಷ್ಟ್ರೀಯ ಉದ್ಯಾನದಲ್ಲಿ ಮಾತ್ರ ಚಿಂಪಾಂಜಿಗಳನ್ನು ಕೊಂದದ್ದು ನಮಗೆ ನೆಗಡಿ ಕೆಮ್ಮು ತರುವ ವೈರಸ್‌ಗಳು. ಅವು ತಲುಪಿದ್ದು ಮನುಷ್ಯರಿಂದ, ಅಂದರೆ ಬಹುಮಟ್ಟಿಗೆ ಅವುಗಳ ಬೆನ್ನುಹತ್ತಿ ಟಿಪ್ಪಣಿ ಬರೆಯುತ್ತಿದ್ದವರಿಂದಲೇ. ಆದರೆ ಅದೇ ಸಂಶೋಧಕರು ಓಡಾಡುವ ಜಾಗದ ಸುತ್ತ ಬೇಟೆ ಕಡಿಮೆ, ಪ್ರಾಣಿ ಹೆಚ್ಚು. ಬರಬೇಡಿ ಎನ್ನುವ ಹಾಗಿಲ್ಲ, ಮುಖಗವಸು ಹಾಕಿ ದೂರ ನಿಲ್ಲಿ ಎನ್ನಬಹುದು ಅಷ್ಟೆ.

ವಿರುಂಗಾದ ಏರಿಕೆಯ ಗುಟ್ಟೂ ಇಲ್ಲೇ ಇದೆ. ಪ್ರತಿದಿನ ಗುಂಪಿನ ಜೊತೆ ಯಾರಾದರೂ ಇರುತ್ತಾರೆ, ಉರುಳು ಕೀಳುತ್ತಾರೆ, ಪಶುವೈದ್ಯರು ಕಾಡಿನಲ್ಲೇ ಚಿಕಿತ್ಸೆ ಕೊಡುತ್ತಾರೆ. ಹೀಗೆ ಮನುಷ್ಯರಿಗೆ ಒಗ್ಗಿದ ಗುಂಪುಗಳು ವರ್ಷಕ್ಕೆ ಶೇ 4ರಷ್ಟು ಬೆಳೆದರೆ, ಒಗ್ಗದ ಗುಂಪುಗಳು ಸ್ವಲ್ಪ ಇಳಿದೇ ಇದ್ದವು. 2018ರಲ್ಲಿ ಬೆಟ್ಟದ ಗೊರಿಲ್ಲಾವನ್ನು ‘ತೀವ್ರ ಅಪಾಯ’ದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಿದರು. ಕತೆ ಸುಖಾಂತ ಎನ್ನೋಣವೆಂದರೆ, ಜಾಗ ಮಾತ್ರ ಬೆಳೆದಿಲ್ಲ. 2007ರ ನಂತರ ಅಲ್ಲಿನ ದೊಡ್ಡ ಗುಂಪುಗಳು ಒಡೆದು ಚಿಕ್ಕ ಗುಂಪುಗಳಾದವು, ಒಂದಕ್ಕೊಂದು ಎದುರಾಗುವುದು ಹೆಚ್ಚಿತು, ಗಂಡುಗಳ ಕಾದಾಟದಲ್ಲಿ ಮರಿಗಳು ಸತ್ತವು, ಬೆಳವಣಿಗೆಯ ವೇಗ ತಗ್ಗಿತು.

ಹವಾಮಾನದ ಪಾಲು ಕೇಳಿದ್ದೀರಲ್ಲ, ಅದಕ್ಕೆ ನನಗೆ ನೆನಪಾಗುವುದು ಗಬಾನ್‌ನ ಲೋಪೆ. ಅಲ್ಲಿ 1980ರ ದಶಕದಿಂದ ತಿಂಗಳು ತಿಂಗಳೂ ಅವೇ ಮರಗಳ ಕೆಳಗೆ ನಿಂತು, ದುರ್ಬೀನಿನಲ್ಲಿ ನೋಡಿ, ಹೂವಿದೆಯೇ ಹಣ್ಣಿದೆಯೇ ಎಂದು ಬರೆದುಕೊಂಡಿದ್ದಾರೆ. ಬೇಸರದ ಕೆಲಸ, ಆದರೆ ಅದಿಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ: 1987ರಲ್ಲಿ ಸುಮಾರು ಹತ್ತು ಮರಕ್ಕೊಂದರಲ್ಲಿ ಹಣ್ಣು ಸಿಗುತ್ತಿದ್ದರೆ, ಮೂರು ದಶಕದ ನಂತರ ಐವತ್ತಕ್ಕೂ ಹೆಚ್ಚು ಮರ ಹುಡುಕಬೇಕು. ಅಲ್ಲಿನ ಕೆಲವು ಮರಗಳು ರಾತ್ರಿಯ ತಾಪ 19 ಡಿಗ್ರಿಗಿಂತ ಕೆಳಗಿಳಿದರೆ ಮಾತ್ರ ಹೂಬಿಡುತ್ತವೆ, ಅಂಥ ತಂಪು ರಾತ್ರಿಗಳು ಕಡಿಮೆಯಾಗಿವೆ. ಕಾಡಾನೆಗಳ ಮೈ ಇಳಿದಿರುವುದನ್ನು ಫೋಟೊಗಳಲ್ಲೇ ಅಳೆದಿದ್ದಾರೆ. ಗೊರಿಲ್ಲಾ, ಚಿಂಪಾಂಜಿಗಳು ಕೈಚಾಚುವುದೂ ಅದೇ ಮರಗಳಿಗೆ. ಈ ಹೊಡೆತಕ್ಕೆ ಕಾವಲುಗಾರ ಏನೂ ಮಾಡಲಾರ.

ಇನ್ನು ಎಣಿಕೆ. ಹೆಚ್ಚಿನ ಕಡೆ ಪ್ರಾಣಿಯನ್ನು ಎಣಿಸುವುದಿಲ್ಲ, ಹಾಸಿಗೆ ಎಣಿಸುತ್ತಾರೆ. ತಾಯಿಯ ಹಾಲು ಕುಡಿಯುವುದನ್ನು ಬಿಟ್ಟ ಪ್ರತಿಯೊಂದು ಪ್ರಾಣಿಯೂ ದಿನಾ ಸಂಜೆ ಕೊಂಬೆಗಳನ್ನು ಬಗ್ಗಿಸಿ, ಹೆಣೆದು, ಹೊಸ ಗೂಡು ಮಾಡಿಕೊಂಡು ಮಲಗುತ್ತದೆ. ಸಮೀಕ್ಷೆಯವರು ಕಾಡಿನಲ್ಲಿ ನೇರ ಗೆರೆ ಹಿಡಿದು ನಡೆಯುತ್ತ, ಕಂಡ ಗೂಡು ಗೆರೆಯಿಂದ ಎಷ್ಟು ದೂರ, ಎಲೆ ಹಸಿರೋ ಕಂದೋ, ಬರೀ ಕಡ್ಡಿಯೋ ಎಂದು ಬರೆದುಕೊಳ್ಳುತ್ತಾರೆ. ಒಂದು ಗೂಡು ಎಷ್ಟು ದಿನ ಉಳಿಯುತ್ತದೆ ಎಂಬುದರಿಂದ ಭಾಗಿಸಿ ಪ್ರಾಣಿಗಳ ಸಂಖ್ಯೆಗೆ ಬರುತ್ತಾರೆ. ಮಳೆ ಹೆಚ್ಚಾದರೆ ಗೂಡು ಬೇಗ ಕೊಳೆಯುತ್ತದೆ, ಹಳೆಯ ಲೆಕ್ಕವನ್ನೇ ಹಿಡಿದರೆ ಇರುವ ಪ್ರಾಣಿಯೂ ಇಲ್ಲವೆಂದು ಬರುತ್ತದೆ. ಹೀಗಾಗಿ ಪತ್ರಿಕೆಯಲ್ಲಿ ಸಂಖ್ಯೆ ನೋಡಿದಾಗ ಅವಸರ ಬೇಡ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಪೂರ್ವಭಾಗದ ತಗ್ಗುಕಾಡಿನ ಗ್ರಾವರ್ ಗೊರಿಲ್ಲಾ 1990ರ ದಶಕದಲ್ಲಿ ಸುಮಾರು 17,000 ಇತ್ತು. ಯುದ್ಧ ಬಂತು, ಕೋಲ್ಟಾನ್ ಎಂಬ ಅದಿರಿನ ಗಣಿಗಳ ಶಿಬಿರಗಳು ಬಂದವು, ಶಿಬಿರದವರ ಊಟಕ್ಕೆ ಕಾಡುಮಾಂಸವೇ ಗತಿಯಾಯಿತು. 2016ರ ಅಂದಾಜು 3,800. 2021ರಲ್ಲಿ ಅದು 6,800 ಎಂದಾಯಿತು. ಐದು ವರ್ಷದಲ್ಲಿ 3,000 ಮರಿ ಹುಟ್ಟಿದವೆಂದಲ್ಲ. ಹಿಂದೆ ಭದ್ರತೆಯಿಲ್ಲದೆ ಕಾಲಿಡಲಾಗದಿದ್ದ ಕಡೆಯೂ ಈ ಬಾರಿ ನಡೆದು ನೋಡಿದ್ದರು.