ಕ್ವಾರಿ ಮಣ್ಣಿನ ರಾಶಿಯ ನೀರು ಎಲ್ಲಿಗೆ ಹರಿಯುತ್ತದೆ ಅಂತ ಉಪಗ್ರಹದ ದತ್ತಾಂಶದಿಂದ ಗೊತ್ತಾಗುತ್ತದಾ?

ತೀರ್ಥಹಳ್ಳಿ ಕಡೆ ನಿಮ್ಮ ಅಡಿಕೆ ತೋಟದ ಮೇಲ್ಗಡೆ ಕಲ್ಲು ಕ್ವಾರಿಯವರು ಮಣ್ಣು ಸುರಿದಿದ್ದಾರೆ, ಆ ನೀರು ತೋಟಕ್ಕೆ ನುಗ್ಗುತ್ತದಾ ಅಂತ ಪುಕ್ಕಟೆ ಸಿಗುವ ಎತ್ತರದ ದತ್ತಾಂಶದಿಂದ ನೋಡಬೇಕು ಅಂದಿದ್ದೀರಿ. ರಾಶಿ ದಾಟಿದ ನೀರು ಯಾವ ಹಳ್ಳ ಸೇರುತ್ತದೆ ಅನ್ನುವುದನ್ನು ಧಾರಾಳವಾಗಿ ನೋಡಬಹುದು. ರಾಶಿಯ ಯಾವ ಮೂಲೆಯಿಂದ ಇಳಿಯುತ್ತದೆ ಅಂದರೆ, ಅದು ಆಗದ ಮಾತು.

ಮೊದಲು ದತ್ತಾಂಶದ ವರ್ಷ ನೋಡಿ. ಎಲ್ಲರೂ ಇಳಿಸಿಕೊಳ್ಳುವ ಎಸ್‌ಆರ್‌ಟಿಎಂ ಅನ್ನುವ ಎತ್ತರದ ನಕ್ಷೆ 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದದ್ದು. ಕುದುರೆಮುಖದಲ್ಲಿ ಗಣಿ ನಿಂತಿದ್ದೇ 2005ರ ಕೊನೆಗೆ, ಅಂದರೆ 2000ದ ಅಳತೆಯ ನಂತರ ಅಲ್ಲಿಯ ಲಕ್ಯಾ ಅಣೆಕಟ್ಟೆಗೆ ಸೇರಿದ ಗಣಿಯ ಹೂಳು ಆ ನಕ್ಷೆಯಲ್ಲಿ ಇಲ್ಲ. ನಿಮ್ಮ ಮೊನ್ನೆಯ ರಾಶಿ ಎಲ್ಲಿಂದ ಬರಬೇಕು? ಯುರೋಪಿನವರ ಕೋಪರ್ನಿಕಸ್ ಎತ್ತರದ ದತ್ತಾಂಶ ಹೊಸದು, ಆದರೆ ಅದರ ಮೂಲ ಅಳತೆಯೂ 2011–15ರದ್ದು.

ಮಲೆನಾಡಿನಲ್ಲಿ ಇನ್ನೊಂದು ತಲೆನೋವು, ಮರ. ಈ ನಕ್ಷೆಗಳನ್ನು ಅಳೆದ ರೇಡಾರ್ ಅಲೆ ದಟ್ಟ ಕಾಡಿನಲ್ಲಿ ನೆಲ ಮುಟ್ಟುವುದಿಲ್ಲ, ಬಹುಪಾಲು ಮೇಲಿನ ಸೊಪ್ಪು ಕೊಂಬೆಯಿಂದಲೇ ವಾಪಸಾಗುತ್ತದೆ. ಇಪ್ಪತ್ತು ಮೀಟರ್ ಮರಗಳ ಪಕ್ಕ ಅಳತೆಯ ಹೊತ್ತಿಗೇ ಹತ್ತು ಮೀಟರ್ ಬೋಳು ರಾಶಿ ಇದ್ದಿದ್ದರೂ ನಕ್ಷೆಯಲ್ಲಿ ರಾಶಿಯೇ ಗುಂಡಿ! ಕಾಡಿನ ನೀರೆಲ್ಲ ರಾಶಿ ಕಡೆ ಹರಿದಂತೆ ಕಾಣುತ್ತದೆ. ಮರದ ಎತ್ತರ ಕಳೆದು ಕೊಡುವ ಫ್ಯಾಬ್‌ಡೆಮ್ ಇದಕ್ಕೆ ಸ್ವಲ್ಪ ವಾಸಿ.

ನಕ್ಷೆ ಎತ್ತರ ಕೊಡುವ ಚೌಕದ ಅಳತೆಯೂ ನೋಡಿ. 30 ಮೀಟರ್ ಚೌಕ ಅಂದರೆ ಹೆಚ್ಚುಕಮ್ಮಿ ಒಂಬತ್ತು ಗುಂಟೆಗೆ ಒಂದೇ ಎತ್ತರ. ತೋಟದ ಬಸಿಗಾಲುವೆ, ಅಗಳ ಯಾವುದೂ ಅದರಲ್ಲಿ ಕಾಣುವುದಿಲ್ಲ. ಜಪಾನಿನ ಆಲೋಸ್ ಉಪಗ್ರಹದ ಹೆಸರಿನ 12.5 ಮೀಟರ್ ನಕ್ಷೆ ನೋಡಿ ಮರುಳಾಗಬೇಡಿ. ನಮ್ಮ ಕಡೆಗೆ ಅದು ಎಸ್‌ಆರ್‌ಟಿಎಂನ್ನೇ ಸಣ್ಣ ಚೌಕ ಮಾಡಿದ್ದು, ಅಷ್ಟೇ.

ಕ್ಯೂಜಿಐಎಸ್‌ನಲ್ಲಿ (ನಕ್ಷೆ ತಂತ್ರಾಂಶ) ಹರಿವಿನ ದಾರಿ ತೆಗೆಯುವ ಮುಂಚೆ ‘ಫಿಲ್ ಸಿಂಕ್ಸ್’ (ನಕ್ಷೆಯ ತಗ್ಗು ತುಂಬುವ ಆಜ್ಞೆ) ಒತ್ತಿ ಅಂತ ಎಲ್ಲ ವಿಡಿಯೋದಲ್ಲೂ ಹೇಳುತ್ತಾರೆ. ಸುಮ್ನೆ ಒತ್ತಿದರೆ ಕ್ವಾರಿ ಹೊಂಡವೂ ಭರ್ತಿಯಾಗಿ, ನಿಜಕ್ಕೂ ಹೊಂಡದಲ್ಲಿ ನಿಲ್ಲುವ ನೀರು ನಕ್ಷೆಯಲ್ಲಿ ಕೆಳಗೆ ಓಡುತ್ತದೆ. ಹೊಂಡವನ್ನು ಬಿಟ್ಟು ಉಳಿದದ್ದನ್ನು ತುಂಬಿ.

ಎಷ್ಟು ನೀರು ಅನ್ನುವುದು ಬೇರೆ ಲೆಕ್ಕ. ಒಂದು ಹೆಕ್ಟೇರ್ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಹತ್ತು ಲಕ್ಷ ಲೀಟರ್. ಅದರಲ್ಲಿ ಹರಿಯುವುದೆಷ್ಟು, ಇಂಗುವುದೆಷ್ಟು ಅಂತ ಹೇಳುವುದು ಮಣ್ಣು, ಎತ್ತರದ ನಕ್ಷೆ ಅಲ್ಲ.

ನನ್ನ ಕೇಳಿದರೆ, ರಾಶಿಯನ್ನು ಮೇ ತಿಂಗಳಲ್ಲಿ ಡ್ರೋನ್‌ನಿಂದ ಅಳೆಸಿ. ಬೋಳು ಮಣ್ಣಾದ್ದರಿಂದ ಫೋಟೋದಿಂದಲೇ ಎತ್ತರ ಚೆನ್ನಾಗಿ ಸಿಗುತ್ತದೆ. ಅದನ್ನು ಫ್ಯಾಬ್‌ಡೆಮ್ ಮೇಲೆ ಕೂರಿಸಿ, ಎರಡರ ಎತ್ತರ ಒಂದೇ ಮಟ್ಟಕ್ಕೆ ತಂದು, ಆಮೇಲೆ ಹರಿವು ಓಡಿಸಿ.